ಟ್ರಂಕಿನೊಳಗಿದ್ದ ಜಲಾಂತರ್ಗಾಮಿ

ಹಬ್ಬ ಬಂತೆಂದರೆ ನಮ್ಮ ಹೆಣ್ಣುಮಕ್ಕಳಿಗೆ ಮೊದಲು ನೆನಪಾಗುವುದು ಸುಣ್ಣ-ಬಣ್ಣ, ಆಮೇಲೆ ಹೋಳಿಗೆ. ಯುಗಾದಿಗೆ ಎಂಟು ದಿನ ಇರುವಾಗ ನಾನೂ ಸೆರಗು ಸಿಕ್ಕಿಸಿ ಧೂಳು ಹೊಡೆಯಲು ನಿಂತಿದ್ದೆ. ಆಗ ತವರುಮನೆಯ ಪಕ್ಕದ ಚಿಗವ್ವ ಹೇಳಿ ಕಳಿಸಿದರು: "ನಿಮ್ಮ ಅಪ್ಪನ ಮನಿಗೆ ಗೆದ್ದಲು ಹತ್ಯಾವ, ಒಮ್ಮೆ ಬಂದು ನೋಡವ್ವ." ತವರು ಎಂದರೆ ದೂರವೇನಲ್ಲ. ನನ್ನನ್ನು ಕೊಟ್ಟಿದ್ದು ಇದೇ ಗೂಗಲ್ಲಿನಲ್ಲಿ, ಸೋದರತ್ತೆಯ ಮಗನಿಗೆ. ಎರಡು ಓಣಿ ದಾಟಿದರೆ ಸಾಕು. ಆದರೂ ಆ ಹೊಸ್ತಿಲು ತುಳಿದು ಬಹಳ ವರ್ಷವಾಗಿತ್ತು. ಕಾರಣವನ್ನು ಮುಂದೆ ಹೇಳುತ್ತೇನೆ.

ಒಳಗಿನ ಕೋಣೆಯಲ್ಲಿ ಅಣ್ಣನ ಕಬ್ಬಿಣದ ಟ್ರಂಕು ಇತ್ತು. ಗೆದ್ದಲು ಅದನ್ನು ಮುಟ್ಟಿರಲಿಲ್ಲ. ತೆರೆದರೆ ನುಸಿಗುಳಿಗೆಯ ವಾಸನೆ, ಹಳೆಯ ಅಂಕಪಟ್ಟಿ, ಒಂದು ಕಂಪಾಸ್ ಡಬ್ಬಿ. ಅದರ ಕೆಳಗೆ ಪೇಪರಿನ ರಟ್ಟು ಹಾಕಿದ ಒಂದು ಸಣ್ಣ ಪುಸ್ತಕ. ಕ್ಯಾಪ್ಟನ್ ನೆಮೊ ಎಂಬವನ ಜಲಾಂತರ್ಗಾಮಿ ಹಡಗಿನ ಕಥೆ, ಮಕ್ಕಳಿಗಾಗಿ ಕನ್ನಡದಲ್ಲಿ ಸಂಗ್ರಹ ಮಾಡಿದ್ದು. ಅಣ್ಣನಿಗೆ ಶಾಲೆಯಲ್ಲಿ ಬಹುಮಾನ ಬಂದ ಪುಸ್ತಕ.

ಧೂಳು ಹೊಡೆಯುವುದು ಅಲ್ಲಿಗೇ ನಿಂತಿತು. ನೆಲದ ಮೇಲೆ ಕೂತು ಓದತೊಡಗಿದವಳಿಗೆ ಮಧ್ಯಾಹ್ನದ ಅಡಿಗೆಯ ನೆನಪೇ ಇಲ್ಲ!

ಗಂಡುಹುಡುಗರ ಪುಸ್ತಕ

ನಾನು ಆರನೆಯ ಇಯತ್ತೆಯಲ್ಲಿದ್ದಾಗ ಈ ಪುಸ್ತಕವನ್ನು ಕದ್ದು ಓದಿದ್ದೆ. ಕದ್ದು ಏಕೆಂದರೆ, "ಅದು ಗಂಡುಹುಡುಗರು ಓದೋ ಪುಸ್ತಕ, ನಿನಗ್ಯಾಕ?" ಎಂದು ಶಾಲೆಯಲ್ಲೂ ಅನ್ನುತ್ತಿದ್ದರು, ಮನೆಯಲ್ಲೂ ಅನ್ನುತ್ತಿದ್ದರು. ನಮಗೆ ಕೊಡುತ್ತಿದ್ದದ್ದು ನೀತಿಕಥೆ, ಸತಿಯರ ಕಥೆ. ಅಣ್ಣ ಮಾತ್ರ ರಾತ್ರಿ ಲಾಟೀನಿನ ಮುಂದೆ ನನ್ನನ್ನು ಕೂರಿಸಿಕೊಂಡು ಗೊತ್ತಾಗದ ಕಡೆ ಬಿಡಿಸಿ ಹೇಳುತ್ತಿದ್ದ.

ಆಗ ಕೃಷ್ಣೆಯನ್ನು ದಾಟಲು ಹರಿಗೋಲು ಇತ್ತು. ಈಗಿನ ಬ್ರಿಜ್ ಕಂ ಬ್ಯಾರೇಜ್ ಆಗ ಇರಲಿಲ್ಲ. ಹರಿಗೋಲಿನಲ್ಲಿ ಕೂತರೆ ಅವ್ವ ಮೊಸಳೆಗೆ ಹೆದರಿ ದೇವರ ಹೆಸರು ಹೇಳುತ್ತಿದ್ದಳು. ನಾನೋ, ಕೆಳಗೆ ನೀರಿನಲ್ಲಿ ನಾಟಿಲಸ್ ಹೋಗುತ್ತಿದೆ, ಅದರ ದೀಪ ಎಲ್ಲಿ ಕಾಣುತ್ತದೋ ಎಂದು ಬಗ್ಗಿ ನೋಡುತ್ತಿದ್ದೆ. ಎಷ್ಟು ಸಲ ಬೆನ್ನಿಗೆ ಗುದ್ದು ತಿಂದಿದ್ದೇನೋ!

ಈ ಕಥೆ ಬರೆದ ಜೂಲ್ಸ್ ವರ್ನ್ ಫ್ರಾನ್ಸಿನವನು. 1828ರಲ್ಲಿ ಹುಟ್ಟಿ 1905ರಲ್ಲಿ ತೀರಿಕೊಂಡ. ನೆಮೊನ ಕಾದಂಬರಿ ಮೊದಲು ಧಾರಾವಾಹಿಯಾಗಿ ಬಂದದ್ದು 1869ರ ಮಾರ್ಚ್‌ನಿಂದ 1870ರ ಜೂನ್‌ವರೆಗೆ. ಎಲ್ಲಿ ಗೊತ್ತೇ? ಮಕ್ಕಳೂ ದೊಡ್ಡವರೂ ಮನೆಮಂದಿಯೆಲ್ಲ ಓದಲೆಂದು ಅವನ ಪ್ರಕಾಶಕ ಹೆಟ್ಜೆಲ್ ನಡೆಸುತ್ತಿದ್ದ ಒಂದು ಪಾಕ್ಷಿಕ ಪತ್ರಿಕೆಯಲ್ಲಿ. ನಮ್ಮ ಈ ಪತ್ರಿಕೆಯಂತೆಯೇ ಹದಿನೈದು ದಿನಕ್ಕೊಮ್ಮೆ! ಅಲ್ಲಿಯ ತಾಯಂದಿರೂ ಮುಂದಿನ ಸಂಚಿಕೆಗೆ ಕಾದಿರಬೇಕು. ಗಂಡುಹುಡುಗರ ಪುಸ್ತಕ ಎಂಬ ಮಾತು ಆಮೇಲೆ ಯಾರೋ ಹಚ್ಚಿದ್ದು ಅನಿಸುತ್ತದೆ.

ಇಪ್ಪತ್ತು ಸಾವಿರ ಹರದಾರಿ

ಹಳೆಯ ಪುಸ್ತಕ ಒಂದೇ ಕೂತದಲ್ಲಿ ಮುಗಿಯಿತು. ಆಸೆ ಹೆಚ್ಚಾಯಿತು. ಪಿಯುಸಿ ಓದುತ್ತಿರುವ ಮಗಳಿಗೆ ಹೇಳಿದೆ. ಅವಳು ಫೋನಿನಲ್ಲಿ ಹುಡುಕಿ ಪೂರ್ತಿ ಕಾದಂಬರಿಯ ಇಂಗ್ಲಿಷ್ ಅನುವಾದ ತೆಗೆದಳು. "ಅವ್ವ, ಗೂಗಲ್ಲಿನಾಗ ಕೂತು ಗೂಗಲ್ಲಿನಾಗ ಹುಡುಕೀನಿ ನೋಡು" ಎಂದು ನಕ್ಕಳು. ನಮ್ಮೂರಿನವರಿಗೆ ಈ ನಗೆಚಾಟಿಕೆ ಅಭ್ಯಾಸವಾಗಿದೆ ಬಿಡಿ. ಅಲ್ಲಮಪ್ರಭುವಿನ ಗುಡಿಯಿರುವ ಈ ಊರಿನ ಹೆಸರು ಆ ಕಂಪನಿಗಿಂತ ಬಹಳ ಹಳೆಯದು.

ನನ್ನದು ಎಸ್ಸೆಸ್ಸೆಲ್ಸಿ ಇಂಗ್ಲಿಷು. ಹೀಗಾಗಿ ದಿನಾ ಮಧ್ಯಾಹ್ನ ಮುಸುರೆ ತಿಕ್ಕಿ ಮುಗಿದ ಮೇಲೆ ಅವಳು ಓದಿ ಕನ್ನಡದಲ್ಲಿ ಹೇಳುವುದು, ನಾನು ಅಕ್ಕಿ ಆರಿಸುತ್ತಾ ಕೇಳುವುದು ಎಂದು ನೇಮವಾಯಿತು. ಲಾಟೀನಿನ ಮುಂದೆ ಅಣ್ಣ ಕೂರುತ್ತಿದ್ದ ಜಾಗದಲ್ಲಿ ಈಗ ಮಗಳು!

ಮೊದಲ ದಿನವೇ ನನ್ನ ಒಂದು ತಪ್ಪು ತಿಳುವಳಿಕೆ ಹೋಯಿತು. ಪುಸ್ತಕದ ಹೆಸರಿನಲ್ಲಿ ಇಪ್ಪತ್ತು ಸಾವಿರ ಲೀಗ್ ಎಂದಿದೆಯಲ್ಲ, ಹಡಗು ಅಷ್ಟು ಆಳಕ್ಕೆ ಇಳಿಯಿತು ಎಂದೇ ನಾನು ತಿಳಿದಿದ್ದೆ. ಲೀಗ್ ಎಂದರೆ ನಮ್ಮ ಹರದಾರಿಯಂತೆ ದಾರಿಯ ಅಳತೆ, ವರ್ನ್ ಹಿಡಿದ ಲೆಕ್ಕದಲ್ಲಿ 4 ಕಿಲೋಮೀಟರ್. ಇಪ್ಪತ್ತು ಸಾವಿರ ಲೀಗ್ ಅಂದರೆ 80,000 ಕಿಲೋಮೀಟರ್. ಭೂಮಿಯ ಸುತ್ತಳತೆಯೇ ಸುಮಾರು 40,000 ಕಿಲೋಮೀಟರ್. ಸಮುದ್ರದ ಅತಿ ಆಳದ ಜಾಗವೂ ಹನ್ನೊಂದು ಕಿಲೋಮೀಟರಿನ ಆಸುಪಾಸು. ಹಡಗು ನೀರಿನಡಿಯಲ್ಲಿ ಅಷ್ಟು ದೂರ ಸುತ್ತಿತು ಎಂಬುದೇ ಹೆಸರಿನ ಅರ್ಥ. ಮೂವತ್ತು ವರ್ಷ ಮೇಲ್ಪಟ್ಟು ಈ ತಪ್ಪನ್ನು ತಲೆಯಲ್ಲಿ ಇಟ್ಟುಕೊಂಡಿದ್ದೆನಲ್ಲ!

ವರ್ನ್‌ನ ತಪ್ಪುಗಳೂ ಈಗ ಕಾಣುತ್ತವೆ. ನೆಮೊ 1868ರ ಮಾರ್ಚ್ 21ರಂದು ದಕ್ಷಿಣ ಧ್ರುವದಲ್ಲಿ ಬಾವುಟ ನೆಡುತ್ತಾನೆ, ಹಡಗಿನಲ್ಲಿ ಅಲ್ಲಿಯ ತನಕ ಹೋಗುತ್ತಾನೆ. ನಿಜವಾದ ದಕ್ಷಿಣ ಧ್ರುವ ಇರುವುದು ದೊಡ್ಡ ಖಂಡದ ನಡುವೆ, ಹಿಮದ ಮೇಲೆ. ಅಲ್ಲಿಗೆ ಮೊದಲು ಮುಟ್ಟಿದವನು ನಾರ್ವೆಯ ಅಮುಂಡ್ಸೆನ್, 1911ರ ಡಿಸೆಂಬರ್ 14ರಂದು, ನಾಯಿಗಳು ಎಳೆಯುವ ಜಾರುಬಂಡಿಯಲ್ಲಿ. ಆದರೆ ಉತ್ತರ ಧ್ರುವದಲ್ಲಿರುವುದು ಹೆಪ್ಪುಗಟ್ಟಿದ ಸಮುದ್ರ. ಅದರ ಅಡಿಯಿಂದ 1958ರ ಆಗಸ್ಟ್ 3ರಂದು ಅಮೆರಿಕದ ಅಣುಶಕ್ತಿಯ ಜಲಾಂತರ್ಗಾಮಿಯೊಂದು ಹಾದುಹೋಯಿತು. ಅದರ ಹೆಸರೂ ನಾಟಿಲಸ್! ಒಂದು ಧ್ರುವದಲ್ಲಿ ಸುಳ್ಳಾದದ್ದು ಇನ್ನೊಂದು ಧ್ರುವದಲ್ಲಿ ನಿಜವಾಯಿತು.

ಕಡಲ ತಳದ ಅಡಿಗೆಮನೆ

ಚಿಕ್ಕವಳಿದ್ದಾಗ ನಾನು ಕಣ್ಣರಳಿಸಿ ಓದಿದ್ದು ಎಪ್ಪತ್ತು ಮೀಟರ್ ಉದ್ದದ ಆ ಹಡಗು, ಅದರ ಗಾಜಿನ ಕಿಟಕಿ, ಮೇಲೆರಗುವ ದೊಡ್ಡ ಅಷ್ಟಪದಿಗಳು. ಈಗ ಕಿವಿ ನೆಟ್ಟಗಾದದ್ದು ಅಡಿಗೆಮನೆಯ ವರ್ಣನೆ ಬಂದಾಗ. ಊರೂರಿಗೆ ಕರೆಂಟು ಬರುವ ಎಷ್ಟೋ ಮೊದಲೇ ನೆಮೊನ ಹಡಗಿನಲ್ಲಿ ಒಲೆ ಉರಿಯುವುದು ವಿದ್ಯುತ್ತಿನಿಂದ. ಸಮುದ್ರದ ನೀರಿನಿಂದ ಸೋಡಿಯಂ ತೆಗೆದು ಅದರಿಂದ ಬ್ಯಾಟರಿ ಮಾಡಿ, ಆ ಬ್ಯಾಟರಿಯಿಂದ ದೀಪ, ಯಂತ್ರ, ಒಲೆ ಎಲ್ಲ. ಉಪ್ಪುನೀರು ಕಾಸಿ ಸಿಹಿನೀರು ಇಳಿಸುವ ಏರ್ಪಾಡು, ಪಕ್ಕದಲ್ಲೇ ಬಿಸಿನೀರಿನ ಬಚ್ಚಲು. ಹೊಗೆ ಇಲ್ಲ, ಕಟ್ಟಿಗೆ ಇಲ್ಲ, ನೀರಿಗೆ ಕೊಡ ಹೊರುವುದಿಲ್ಲ. ತೊಗರಿಕಟ್ಟಿಗೆಯ ಹೊಗೆಯಲ್ಲಿ ಕಣ್ಣು ಉಜ್ಜಿಕೊಂಡೇ ರೊಟ್ಟಿ ಬಡಿದ ನಮ್ಮ ಅವ್ವಂದಿರು ಈ ಪುಟ ಓದಿದ್ದರೆ!

ಊಟದ ಸಂಗತಿ ಇನ್ನೂ ಸ್ವಾರಸ್ಯ. ಕೆನೆ ತಿಮಿಂಗಿಲದ ಹಾಲಿನದು, ಸಕ್ಕರೆ ಕಡಲಪಾಚಿಯದು, ಕಡಲ ಜೀವಿಗಳದ್ದೇ ಮುರಬ್ಬ. ನಮ್ಮಂಥ ಶಾಕಾಹಾರದ ಮನೆಯವರು ಉಪವಾಸವೇ ಸೈ. ಆದರೆ ಒಂದು ಕೊರತೆ ಅಲ್ಲಿಯ ಅತಿಥಿಗಳಿಗೇ ತಿಳಿಯುತ್ತದೆ: ಬ್ರೆಡ್ಡು ಇಲ್ಲ. ತಿಮಿಂಗಿಲ ಬೇಟೆಯ ನೆಡ್ ಲ್ಯಾಂಡ್ ಎಂಬವನಿಗಂತೂ ನೆಲದ ಊಟದ್ದೇ ಹಂಬಲ. ಬಾಲ್ಯದಲ್ಲಿ ಅವನನ್ನು ಹೊಟ್ಟೆಬಾಕ ಎಂದು ಬೈದುಕೊಂಡಿದ್ದೆ. ಈಗ ಪಾಪ ಅನಿಸಿತು. ನಾಲ್ಕು ದಿನ ಜೋಳದ ರೊಟ್ಟಿ ಸಿಗದಿದ್ದರೆ ನಮ್ಮ ಮನೆಯವರ ಮುಖ ಹೇಗಾಗುತ್ತದೆ ಎಂದು ನನಗೆ ಗೊತ್ತಲ್ಲ.

ಊಟದ ಮಾತಿಗೆ ಇನ್ನೊಂದು ನೆನಪಾಯಿತು. 1864ರಲ್ಲಿ ಬಂದ, ಭೂಮಿಯ ಒಡಲಿಗೆ ಇಳಿಯುವ ಕಥೆಯಲ್ಲಿ ಒಬ್ಬ ಪ್ರೊಫೆಸರ್ ಲೀಡನ್‌ಬ್ರಾಕ್ ಇದ್ದಾನೆ. ಹಳೆಯ ಗುಪ್ತಲಿಪಿಯ ಚೀಟಿಯೊಂದು ಸಿಕ್ಕಿದ್ದೇ ತಡ, ಅದನ್ನು ಬಿಡಿಸುವ ತನಕ ಮನೆಯಲ್ಲಿ ಯಾರಿಗೂ ಊಟವಿಲ್ಲ ಎಂದು ಹಟ ಹಿಡಿಯುತ್ತಾನೆ. ಬಾಗಿಲ ಕೀಲಿಕೈ ಅವನ ಬಳಿ. ಅಡಿಗೆಯ ಮಾರ್ತಾ ಸಂತೆಗೂ ಹೋಗುವಂತಿಲ್ಲ. ಲಿಪಿಯ ಗುಟ್ಟು ಅಳಿಯ ಆಕ್ಸೆಲನಿಗೆ ಮೊದಲೇ ತಿಳಿದುಬಿಟ್ಟಿರುತ್ತದೆ. ಹೇಳಿದರೆ ಮಾವ ಪಾತಾಳಕ್ಕೆ ಹೊರಟಾನೆಂಬ ಹೆದರಿಕೆಗೆ ಬಾಯಿ ಬಿಡುವುದಿಲ್ಲ. ಕೊನೆಗೆ ಹಸಿವು ತಾಳದೆ ಹೇಳಿಬಿಡುತ್ತಾನೆ! ಭೂಮಿಯ ಒಡಲಿನ ಅಷ್ಟು ದೊಡ್ಡ ಸಾಹಸ ಶುರುವಾದದ್ದು ಹೊತ್ತಿಗೆ ಸರಿಯಾಗಿ ಊಟ ಸಿಗದೆ. ಓದುವಾಗ ನನಗೆ ಮಾರ್ತಾಳದೇ ಚಿಂತೆ. ಅವಳ ಹಸಿವಿನ ಲೆಕ್ಕ ಇಟ್ಟವರಾರು?

ಕೇಳಿದವಳು ಔದಾ

ಈ ಸಾಹಸಗಳಲ್ಲಿ ಹೆಂಗಸರು ಕಡಿಮೆ ಎಂಬುದು ಬಾಲ್ಯದಲ್ಲಿ ಹೊಳೆದಿರಲಿಲ್ಲ. ನಾನೇ ನೆಮೊ ಎಂದುಕೊಂಡು ಓದುತ್ತಿದ್ದೆ, ಮತ್ತೆ ಹೇಗೆ ಹೊಳೆದೀತು? ಈಗ ಹುಡುಕಿ ನೋಡಿದೆ. ಎಂಬತ್ತು ದಿನಗಳಲ್ಲಿ ಭೂಪ್ರದಕ್ಷಿಣೆಯ ಕಥೆಯಲ್ಲಿ (ಇದು 1872ರದು) ನಮ್ಮ ದೇಶದ ಔದಾ ಬರುತ್ತಾಳೆ. ಬುಂದೇಲಖಂಡದ ಮುದಿ ರಾಜನಿಗೆ ಕೊಟ್ಟ ಹುಡುಗಿ. ಅವನು ಸತ್ತಾಗ ಚಿತೆಗೆ ಏರಿಸಲು ಒಯ್ಯುತ್ತಿರುತ್ತಾರೆ. ಫಾಗ್ ಎಂಬ ಇಂಗ್ಲಿಷ್ ಯಾತ್ರಿಕನ ಸೇವಕ ಹೆಣದ ಜಾಗದಲ್ಲಿ ತಾನೇ ಮಲಗಿದ್ದು, ಎದ್ದು ಅವಳನ್ನು ಎತ್ತಿಕೊಂಡು ಓಡುತ್ತಾನೆ. ನಾವೆಲ್ಲ ಚಪ್ಪಾಳೆ ಹೊಡೆದದ್ದು ಅಲ್ಲಿ.

ಈಗ ನನಗೆ ಹಿಡಿಸಿದ್ದು ಕೊನೆಯ ಭಾಗ. ಪಂದ್ಯ ಸೋತೆನೆಂದು ಫಾಗ್ ತಲೆ ತಗ್ಗಿಸಿ ಕೂತಾಗ, ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳುವವಳು ಔದಾ! 1872ರಲ್ಲಿ, ಒಬ್ಬ ವಿಧವೆ, ತಾನಾಗಿ ಬಾಯಿ ಬಿಟ್ಟು ಕೇಳುತ್ತಾಳೆ. ಮದುವೆಯ ಏರ್ಪಾಡಿಗೆ ಹೋದ ಸೇವಕನಿಂದಲೇ ಲೆಕ್ಕ ಒಂದು ದಿನ ತಪ್ಪಿದೆ ಎಂದು ತಿಳಿಯುತ್ತದೆ, ಫಾಗ್ ಪಂದ್ಯ ಗೆಲ್ಲುತ್ತಾನೆ. ಅವಳು ಕೇಳದಿದ್ದರೆ ಅವನು ಸೋತಂತೆಯೇ ಇತ್ತು. ಬಾಯಿ ಬಿಟ್ಟು ಕೇಳುವುದರಿಂದ ಮನೆ ಕೆಡುತ್ತದೆ ಎನ್ನುವವರು ಈ ಪುಟ ಓದಬೇಕು.

ಬಿಟ್ಟುಹೋಗಿದ್ದ ಪುಟ

ಇನ್ನು ನೆಮೊನ ಮಾತಿಗೆ ಬರೋಣ. ಲ್ಯಾಟಿನ್‌ನಲ್ಲಿ ನೆಮೊ ಎಂದರೆ "ಯಾರೂ ಅಲ್ಲ" ಎಂದರ್ಥ. ಊರು, ಹೆಸರು, ದೇಶ ಎಲ್ಲವನ್ನೂ ಬಿಟ್ಟು ನೀರಿಗೆ ಇಳಿದ ಮನುಷ್ಯ. ಅವನನ್ನು ರಷ್ಯದ ದಬ್ಬಾಳಿಕೆಯಲ್ಲಿ ಮನೆಮಂದಿಯನ್ನು ಕಳೆದುಕೊಂಡ ಪೋಲೆಂಡಿನವನನ್ನಾಗಿ ಮಾಡಬೇಕೆಂದು ವರ್ನ್‌ನ ಮನಸ್ಸಿನಲ್ಲಿತ್ತು. ರಷ್ಯದಲ್ಲೂ ಪುಸ್ತಕ ಮಾರಾಟವಾಗಬೇಕಲ್ಲ, ಹೆಟ್ಜೆಲ್ ಒಪ್ಪಲಿಲ್ಲ. ಹೀಗಾಗಿ ಮೊದಲ ಕಾದಂಬರಿಯಲ್ಲಿ ನೆಮೊ ಯಾರೆಂಬುದು ಗುಟ್ಟಾಗಿಯೇ ಉಳಿಯಿತು. 1875ರಲ್ಲಿ ಮುಗಿದ ನಿಗೂಢ ದ್ವೀಪದ ಕಾದಂಬರಿಯಲ್ಲಿ ಗುಟ್ಟು ಹೊರಬಿತ್ತು. ನೆಮೊ ಭಾರತದವನು! ಬುಂದೇಲಖಂಡದ ರಾಜಕುಮಾರ ಡಕ್ಕರ್, ನಮ್ಮ ಟಿಪ್ಪು ಸುಲ್ತಾನನ ಸೋದರಳಿಯ ಎಂದು ವರ್ನ್ ಬರೆದಿದ್ದಾನೆ. ಶ್ರೀರಂಗಪಟ್ಟಣಕ್ಕೂ ಬುಂದೇಲಖಂಡಕ್ಕೂ ಈ ಬೀಗತನ ಹೇಗೆ ಕೂಡಿತೋ ಆ ಪುಣ್ಯಾತ್ಮನಿಗೇ ಗೊತ್ತು. ಟಿಪ್ಪು ತೀರಿಕೊಂಡದ್ದು 1799ರಲ್ಲಿ. ಕಥೆಯ ಪ್ರಕಾರ ಈ ಅಳಿಯ ಹುಟ್ಟುವುದು ಸುಮಾರು ಇಪ್ಪತ್ತು ವರ್ಷದ ಮೇಲೆ. ಇರಲಿ, ಆದರೂ ಓದಿದಾಗ ಎದೆ ಉಬ್ಬಿತು.

ಹತ್ತನೆಯ ವಯಸ್ಸಿಗೆ ಅವನನ್ನು ಯುರೋಪಿಗೆ ಓದಲು ಕಳಿಸುತ್ತಾರೆ. ತಿರುಗಿ ಬಂದು ಮದುವೆ, ಎರಡು ಮಕ್ಕಳು. 1857ರ ದಂಗೆಯಲ್ಲಿ ಇಂಗ್ಲಿಷರ ವಿರುದ್ಧ ಹೋರಾಡುತ್ತಾನೆ. ಎಲ್ಲರನ್ನೂ ಕಳೆದುಕೊಳ್ಳುತ್ತಾನೆ. ಆ ಸಿಟ್ಟಿನಲ್ಲಿ ನಾಟಿಲಸ್ ಕಟ್ಟುತ್ತಾನೆ. ಇದು ಗೊತ್ತಾದ ಮೇಲೆ ಮೊದಲ ಕಾದಂಬರಿಯ ಒಂದೊಂದು ಘಟನೆಗೂ ಬೇರೆ ಅರ್ಥ ಬಂತು. ಸಿಂಹಳದ ಹತ್ತಿರ ಮುತ್ತಿಗಾಗಿ ಮುಳುಗಿದ ಬಡ ಭಾರತೀಯನನ್ನು ಶಾರ್ಕ್ ಮೀನಿನ ಬಾಯಿಂದ ಬಿಡಿಸಿ, ಕೈಗೆ ಮುತ್ತಿನ ಚೀಲ ಕೊಟ್ಟು ಕಳಿಸಿದ್ದು ಏಕೆಂದು ಈಗ ತಿಳಿಯಿತು.

ಕೊನೆಯ ಹತ್ತಿರ ಒಂದು ಸನ್ನಿವೇಶವಿದೆ. ನೆಮೊ ಒಂದು ಯುದ್ಧನೌಕೆಯನ್ನು ಸೀಳಿ ಮುಳುಗಿಸುತ್ತಾನೆ, ಅದರಲ್ಲಿದ್ದ ಜನ ಸಾಯುವುದನ್ನು ಕಿಟಕಿಯಿಂದ ನೋಡುತ್ತಾನೆ. ನನ್ನ ಹಳೆಯ ಪುಸ್ತಕದಲ್ಲಿ ಅಷ್ಟಕ್ಕೇ ಮುಗಿದಿತ್ತು, ನಾವು "ಶಭಾಷ್" ಎಂದಿದ್ದೆವು. ಪೂರ್ತಿ ಕಾದಂಬರಿಯಲ್ಲಿ ಇನ್ನೂ ನಾಲ್ಕು ಸಾಲು ಇದೆ. ಆಮೇಲೆ ಅವನು ತನ್ನ ಕೋಣೆಗೆ ಹೋಗುತ್ತಾನೆ. ಗೋಡೆಯ ಮೇಲೆ ಎಳೆಯ ಹೆಂಗಸೊಬ್ಬಳ, ಎರಡು ಪುಟ್ಟ ಮಕ್ಕಳ ಚಿತ್ರ. ಅದರ ಕಡೆ ಕೈ ಚಾಚಿ, ಮಂಡಿಯೂರಿ, ಬಿಕ್ಕಿ ಬಿಕ್ಕಿ ಅಳುತ್ತಾನೆ.

ಮಗಳು ಅಷ್ಟು ಹೇಳಿ ಸುಮ್ಮನಾದಳು. ನನ್ನ ಕೈಯಲ್ಲಿ ಮೊರ ಹಾಗೇ ನಿಂತಿತ್ತು. ಮಕ್ಕಳಿಗೆ ಯಾಕೆ ಅಳು ಎಂದು ಸಂಗ್ರಹಕಾರರು ಬಿಟ್ಟಿರಬಹುದು. ಆದರೆ ಆ ನಾಲ್ಕು ಸಾಲು ಇಲ್ಲದಿದ್ದರೆ ಅದು ಯಂತ್ರದ ಕಥೆ, ಇದ್ದರೆ ಮನುಷ್ಯನ ಕಥೆ.

ನಮ್ಮ ಮನೆಯ ನೆಮೊ

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸೋದರಿಯರೇ, ಮುಚ್ಚಿಡದೆ ಹೇಳುತ್ತೇನೆ. ಅಪ್ಪ ತೀರಿಕೊಂಡ ಮೇಲೆ ಹೊಲದ ಮಾತು ಬಂದಾಗ ನನ್ನ ಪಾಲು ನನಗೆ ಬೇಕು ಎಂದೆ. 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಇದೆಯಲ್ಲವೇ? ಕೇಳಿದ್ದು ತಪ್ಪಲ್ಲ, ಇಂದಿಗೂ ಹಾಗೇ ಅನ್ನುತ್ತೇನೆ. ಆದರೆ ಆ ದಿನ ಅಣ್ಣ ಒಂದು ಮಾತು ಅಂದ, ನಾನು ಎರಡು ಅಂದೆ. ಅವನು ಹೈದರಾಬಾದಿಗೆ ಹೋದವನು ಊರ ಕಡೆ ತಲೆ ಹಾಕಲಿಲ್ಲ. ನಾನು ಫೋನ್ ಮಾಡಲಿಲ್ಲ. ಒಂಬತ್ತು ವರ್ಷ! ಅವನದೊಂದು ಜಲಾಂತರ್ಗಾಮಿ, ನನ್ನದೊಂದು.

ನಿಗೂಢ ದ್ವೀಪದಲ್ಲಿ ಮುದುಕನಾದ ನೆಮೊ ಒಂಟಿಯಾಗಿ ಗವಿಯಲ್ಲಿರುತ್ತಾನೆ. ಆ ದ್ವೀಪದಲ್ಲಿ ಸಿಕ್ಕಿಬಿದ್ದ ಐವರಿಗೆ ಕಾಣದಂತೆ ಉಪಕಾರ ಮಾಡುತ್ತಾನೆ. ಒಮ್ಮೆ ಉಪಕರಣಗಳ ಪೆಟ್ಟಿಗೆ, ಹುಡುಗ ಜ್ವರದಿಂದ ಸಾಯುವಂತಾದಾಗ ಕ್ವಿನೈನ್. ಕೊನೆಗೆ ಸಾವು ಹತ್ತಿರ ಬಂದಾಗ ತಾನೇ ಕರೆ ಕಳಿಸಿ ಅವರನ್ನು ಬರಮಾಡಿಕೊಂಡು ಎಲ್ಲವನ್ನೂ ಹೇಳುತ್ತಾನೆ. ಜಗತ್ತಿನ ಮೇಲೆ ಅಷ್ಟು ಮುನಿದವನಿಗೂ ಕೊನೆಗೆ ಮಾತಾಡಲು ಮನುಷ್ಯರು ಬೇಕಾದರು. ಆದರೆ ಬಹಳ ತಡವಾಗಿತ್ತು.

ಮರುದಿನ ಬೆಳಿಗ್ಗೆ ಫೋನ್ ಮಾಡಿದೆ. ಏನು ಮಾತಾಡಬೇಕೆಂದು ತೋಚದೆ, "ಅಣ್ಣಾ, ನಿನ್ನ ಟ್ರಂಕಿಗೆ ಗೆದ್ದಲು ಹತ್ತಿಲ್ಲ" ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ನೆಮೊನ ಪುಸ್ತಕ ಐತೇನು ತಂಗೆವ್ವ ಅದರಾಗ?" ಎಂದ. "ಐತಿ. ಆದರ ಕೊನೀ ಪುಟ ನಾವು ಓದೇ ಇಲ್ಲ" ಎಂದೆ. ಹೊಲದ ಮಾತು ಇನ್ನೂ ಮುಗಿದಿಲ್ಲ. ಆದರೆ ಯುಗಾದಿಗೆ ಅವನು ಬಂದ. ಬೇವು-ಬೆಲ್ಲ ಒಟ್ಟಿಗೆ ತಿಂದೆವು.

ನೀವೂ ಟ್ರಂಕು ತೆರೆಯಿರಿ

ವರ್ನ್ ತೀರಿಕೊಂಡ ಅದೇ 1905ರಲ್ಲಿ, ಮದ್ರಾಸಿನಿಂದ ಬರುತ್ತಿದ್ದ ಮಹಿಳೆಯರ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಬಂಗಾಳದ ರುಕಿಯಾ ಹುಸೇನ್ ಎಂಬ ಗೃಹಿಣಿ ಸುಲ್ತಾನಳ ಕನಸಿನ ಕಥೆ ಬರೆದಳು. ಅದರಲ್ಲಿ ಆಳುವವರು ಹೆಂಗಸರು, ಮನೆಯೊಳಗೆ ಇರುವವರು ಗಂಡಸರು. ಬಿಸಿಲಿನ ಶಾಖದಿಂದಲೇ ಅಡಿಗೆ, ಮೋಡದಿಂದಲೇ ನೀರು, ಹಾರುವ ಬಂಡಿ. ಗಂಡ ಪ್ರವಾಸದಲ್ಲಿದ್ದಾಗ ಹೊತ್ತು ಕಳೆಯಲು ಬರೆದದ್ದಂತೆ! ಗಂಡ ಓದಿ, ಇದು ಭಯಂಕರ ಸೇಡು ಎಂದು ಮೆಚ್ಚಿದನಂತೆ. ನಮ್ಮ ರಾಯಚೂರಿನ ಬಿಸಿಲಿಗೆ ಈ ಸೂರ್ಯನ ಒಲೆ ಹೇಳಿ ಮಾಡಿಸಿದಂತಿದೆ. ಮಕ್ಕಳ ಜೊತೆ ತಾಯಂದಿರೂ ಓದಬೇಕಾದ ಕಥೆ.

ಕನ್ನಡದಲ್ಲೇ ಬೇಕೆಂದರೆ ಪೂರ್ಣಚಂದ್ರ ತೇಜಸ್ವಿಯವರ 1980ರ "ಕರ್ವಾಲೊ" ಇದೆ. ಎಳೆಯರು ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುವ ಸಾಹಸಕ್ಕಾಗಿ ಓದುತ್ತಾರೆ. ನಲವತ್ತು ದಾಟಿದವರಿಗೆ ಹಳ್ಳಿಯ ಮಂದಣ್ಣನ ಮದುವೆಯ ಪಾಡು, ಅವನ ಬೆಲೆ ಊರಿಗೆ ತಿಳಿಯದೇ ಹೋದದ್ದು ಮನಸ್ಸಿಗೆ ತಾಗುತ್ತದೆ. ಶಿವರಾಮ ಕಾರಂತರು ಒಬ್ಬರೇ ಕೂತು ಮಕ್ಕಳಿಗೆಂದು ಬರೆದ "ಬಾಲಪ್ರಪಂಚ"ದ ಸಂಪುಟಗಳನ್ನೂ ಹುಡುಕಿ ನೋಡಿ.

ಕೊಂಡು ಓದಲಾಗದಿದ್ದರೆ ಚಿಂತೆ ಬೇಡ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳನ್ನು ಈಗ ಅರಿವು ಕೇಂದ್ರ ಎನ್ನುತ್ತಾರೆ. 2020ರಲ್ಲಿ ಶುರುವಾದ "ಓದುವ ಬೆಳಕು" ಕಾರ್ಯಕ್ರಮದಲ್ಲಿ ಹಳ್ಳಿಯ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಮಾಡಿಕೊಡಲಾಯಿತು. ಮಕ್ಕಳನ್ನು ಕಳಿಸಿ. ಅವರು ತಂದ ಪುಸ್ತಕವನ್ನು ನೀವೂ ಓದಿ. "ಇದು ಮಕ್ಕಳದು, ನಮಗ್ಯಾಕ" ಎನ್ನಬೇಡಿ. ಬಾಲ್ಯದಲ್ಲಿ ಓದಿದ ಪುಸ್ತಕವನ್ನು ಈ ವಯಸ್ಸಿನಲ್ಲಿ ತೆರೆದರೆ, ಅಕ್ಷರ ಅವೇ ಇರುತ್ತವೆ, ಕಾಣುವುದು ಬೇರೆ. ಅವಸರದಲ್ಲಿ ನಾವು ದಾಟಿಹೋದ ಮನುಷ್ಯರೆಲ್ಲ ಅಲ್ಲೇ ನಿಂತಿರುತ್ತಾರೆ.

ಅಣ್ಣ ಹೊರಡುವಾಗ ಪುಸ್ತಕ ಕೇಳಿದ. "ಓದಿ ತಿರುಗಿ ಕೊಡಬೇಕು, ದೀಪಾವಳಿಗೆ ನೀನೇ ತಗೊಂಡು ಬರಬೇಕು" ಎಂದು ಕೊಟ್ಟು ಕಳಿಸಿದ್ದೇನೆ.